ಮಂಚದ ಪಕ್ಕದ ಯಾರ್ಡು

ಗೂಡ್ಸ್ ಯಾರ್ಡಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವಾಗ ಎಂಜಿನ್ ಡ್ರೈವರನಿಗೆ ಕೈಬೀಸಿ "ಇನ್ನೊಂಚೂರು, ಇನ್ನೊಂಚೂರು" ಎಂದು ಕೂಗಿ ಕೂಗಿ ಅದೇ ಅವರ ಹೆಸರಾಗಿಬಿಟ್ಟಿತ್ತು. ಹಳಿ ಕವಲೊಡೆಯುವ ಒಂದೊಂದು ಪಾಯಿಂಟನ್ನೂ ತಾವೇ ಮುಟ್ಟಿ ನೋಡದೆ ಒಂದು ಡಬ್ಬಿಯನ್ನೂ ಅಲುಗಾಡಲು ಬಿಡದ ಆಸಾಮಿ. ಊಟಕ್ಕೆ ಕೂತರೂ ಅಷ್ಟೇ, ಎಲ್ಲವೂ ತಟ್ಟೆಗೆ ಬಂದ ಮೇಲೆಯೇ ಮೊದಲ ತುತ್ತು. ಅಷ್ಟರಲ್ಲಿ ಅನ್ನ ಆರಿಹೋಗಿರುತ್ತಿತ್ತು, ಹೆಂಡತಿ ಬೈಯುತ್ತಿದ್ದರು.

ಹೆಂಡತಿಯೂ ಅದೇ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲು ಬರುವುದು ಹೋಗುವುದನ್ನು ಸಾರುತ್ತಿದ್ದವರು. ಮನೆಯಲ್ಲೂ ಆಕೆಯ ಬಾಯಿಗೆ ಬಿಡುವಿರಲಿಲ್ಲ. ಇಬ್ಬರೂ ನಿವೃತ್ತರಾದ ಮೇಲೆ ಆಕೆಗೆ ಲಕ್ವ ಹೊಡೆಯಿತು. ಬಲಗಡೆ ಮೈ ಬಿದ್ದುಹೋಯಿತು, ಮಾತು ನಿಂತೇಹೋಯಿತು.

"ಅವರಿಗೆ ಏನಾದ್ರೂ ಹೇಳ್ಬೇಕು ಅನ್ನಿಸೋ ಹಾಗೆ ಮಾಡಿ. ಬೇಗ ಶುರು ಮಾಡಿದಷ್ಟೂ ಒಳ್ಳೇದು," ಎಂದರು ಡಾಕ್ಟರು.

ಗಂಡನಿಗೆ ಹೊಳೆದದ್ದು ಆಟದ ರೈಲು. ಗೋಡೆಗೂ ಮಂಚಕ್ಕೂ ನಡುವೆ, ಕಿಟಕಿಯಿಂದ ಕಪಾಟಿನವರೆಗೆ, ಒಂದು ಹಲಗೆ. ಉದ್ದ ಒಂದು ಮಾರೂ ಇಲ್ಲ, ಅಗಲ ಒಂದು ಗೇಣು. ಅದರ ಮೇಲೆ ಮೂರು ಕವಲು, ಐದು ಬಣ್ಣದ ಐದು ಡಬ್ಬಿ. ಯಾವ ಬಣ್ಣ ಮೊದಲು ಬರಬೇಕೆಂದು ಆಕೆ ಹೇಳಬೇಕು, ಇವರು ಡಬ್ಬಿಗಳನ್ನು ಹಾಗೇ ಹೊಂದಿಸಬೇಕು. ಹಾಗಾದರೂ ಆಕೆಯ ಬಾಯಿಂದ ಒಂದು ಮಾತು ಬಂದೀತು ಎಂಬ ಆಸೆ.

ಮೊದಲ ದಿನ ಒಂದೇ ಒಂದು ನೇರ ಹಳಿ ಹಾಸಿ, ಅಳತೆಗೆಂದು ಅದರ ಮೇಲೆ ಕೆಂಪು ಡಬ್ಬಿ ಇಟ್ಟರು. ಆಕೆಯ ಎಡಗೈ ಮೇಲೆದ್ದಿತು. ತುಟಿ ನಡುಗಿತು.

"ಕೆಂ..."

"ಅಪ್ಪಾ! ಅಮ್ಮ ಮಾತಾಡಿದ್ಲು!" ಮಗಳು ಕೈಯಲ್ಲಿದ್ದ ಲೋಟವನ್ನು ಅಲ್ಲೇ ಕುಕ್ಕಿ ಓಡಿಬಂದಳು. "ಓಡ್ಸಿ ಅಪ್ಪಾ, ಒಂದ್ಸಲ ಓಡ್ಸಿ!"

ಅವರ ಕಣ್ಣು ತುಂಬಿತ್ತು. ಆದರೂ ಡಬ್ಬಿಯನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು. "ತಡಿಯಮ್ಮ. ಅರ್ಧಂಬರ್ಧ ತೋರ್ಸಿದ್ರೆ ಅವಳಿಗೆ ಬೇಜಾರಾಗುತ್ತೆ. ಇನ್ನೊಂಚೂರು ಕೆಲ್ಸ ಇದೆ, ಪೂರ್ತಿ ಮುಗಿಸೇ ಆಡೋಣ."

ಆಕೆ ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗಿಳಿಯಿತು.

ಕೆಲಸ ಮುಗಿಯಲೇ ಇಲ್ಲ. ಒಂದು ಕವಲಿನಿಂದ ಇನ್ನೊಂದಕ್ಕೆ ಡಬ್ಬಿ ಸಾಗಿಸಬೇಕಾದರೆ ಎಂಜಿನ್ ಅದನ್ನು ಪಾಯಿಂಟಿನ ಆಚೆಗೆ, ಬಾಲದಂತೆ ಉಳಿದ ಹಳಿಯ ತುಂಡಿಗೆ, ಪೂರ್ತಿ ಎಳೆದು ನಿಲ್ಲಬೇಕು. ಅವರು ಬಾಲವನ್ನು ಡಬ್ಬಿಗಳ ಲೆಕ್ಕದಲ್ಲಿ ಅಳೆದಿದ್ದರು, ಎಂಜಿನ್ನಿಗೇ ಜಾಗ ಬಿಟ್ಟಿರಲಿಲ್ಲ! ಕಣ್ಣು ಹಾಯುವಷ್ಟು ದೂರ ಬಾಲ ಚಾಚಿದ್ದ ಯಾರ್ಡಿನಲ್ಲಿ ದುಡಿದವರಿಗೆ ಈ ಚಿಂತೆ ಯಾವತ್ತೂ ಬಂದಿರಲಿಲ್ಲ. ಬಾಲ ಹಿಗ್ಗಿಸಿದರೆ ಕವಲು ಗಿಡ್ಡ, ಕವಲು ಹಿಗ್ಗಿಸಿದರೆ ಬಾಲ ಮೋಟು. ಕಾಗದದ ಪಾಯಿಂಟುಗಳನ್ನು ಕತ್ತರಿಸಿ ಹಲಗೆಯ ಮೇಲೆ ಸರಿಸುತ್ತ, ತಲೆ ಕೆರೆದುಕೊಳ್ಳುತ್ತ, ಹೆಂಡತಿಗೆ ಬೆನ್ನುಮಾಡಿಯೇ ದಿನ ಕಳೆದರು.

"ಐದು ಡಬ್ಬಿ ಯಾಕಪ್ಪಾ? ಅಮ್ಮಂಗೆ ಒಂದು ಸಾಕು," ಎಂದು ಮಗಳು ಅಂಗಲಾಚಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಆಕೆಗೆ ಎರಡನೇ ಸಲ ಲಕ್ವ ಹೊಡೆಯಿತು.

ಆಕೆ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ದಾರಿ ಹೊಳೆಯಿತು. ಕಪಾಟಿನ ಪಕ್ಕೆಯಲ್ಲಿ ತೂತು ಕೊರೆದು ಬಾಲವನ್ನು ಒಳಗೆ, ಆಕೆ ಮಡಿಸಿಟ್ಟ ಬಟ್ಟೆಗಳ ನಡುವೆ, ಚಾಚಿದರು. ಈಗ ಎಂಜಿನ್ನಿಗೂ ಜಾಗ, ಡಬ್ಬಿಗೂ ಜಾಗ. ಪ್ರತಿ ಪಾಯಿಂಟನ್ನೂ ಮುಟ್ಟಿ ನೋಡಿದರು. ಎಲ್ಲಿಯೂ ಲವಲೇಶವೂ ತಪ್ಪಿಲ್ಲ.

ಆಕೆಯನ್ನು ಮನೆಗೆ ತಂದು ಮಲಗಿಸಿದರು. ಕಣ್ಣುಗಳು ತೆರೆದೇ ಇದ್ದವು.

"ಏನೇ, ಯಾವ್ದು ಮೊದ್ಲು ಬರ್ಲಿ ಹೇಳು?"

ಆಕೆಯ ನೋಟ ಸೂರಿನ ಮೇಲೇ ಇತ್ತು. ಅವರೇ ಐದೂ ಡಬ್ಬಿಗಳನ್ನು ಆಡಿಸಿದರು. ಎಂಜಿನ್ ಬಟ್ಟೆಗಳ ನಡುವೆ ಹೋಗಿ ಹೋಗಿ ಬಂತು, ಎಲ್ಲೂ ತಡವರಿಸಲಿಲ್ಲ. ಆಕೆಯ ಕಣ್ಣು ಅತ್ತ ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಆಗ ತಾನು ಏನು ಮಾಡಿಬಿಟ್ಟೆ ಎಂಬುದು ಅವರಿಗೆ ಅರ್ಥವಾಯಿತು. ಸ್ಕ್ರೂಡ್ರೈವರ್ ತಂದು ಪಾಯಿಂಟುಗಳನ್ನು ಕಿತ್ತರು, ಕವಲುಗಳನ್ನು ಕಿತ್ತರು, ನಾಲ್ಕು ಡಬ್ಬಿಗಳನ್ನೂ ಎಂಜಿನ್ನನ್ನೂ ಮಂಚದ ಕೆಳಗೆ ತಳ್ಳಿದರು. ಒಂದು ನೇರ ಹಳಿ ಉಳಿಯಿತು, ಅದರ ಮೇಲೆ ಕೆಂಪು ಡಬ್ಬಿ.

"ಅವತ್ತು 'ಕೆಂ' ಅಂದ್ಯಲ್ಲೇ," ಎಂದರು ಆಕೆಯ ಕಿವಿಯ ಹತ್ತಿರ ಬಾಗಿ. "ಇನ್ನೊಂಚೂರು ಹೇಳೇ. ಇನ್ನೊಂಚೂರೇ."

ಡಬ್ಬಿಯನ್ನು ಬೆರಳಿಂದ ತಳ್ಳುತ್ತ, ಎಳೆಯುತ್ತ ಕೂತರು. ಆಕೆಯ ಎಡಗೈ ಹೊದಿಕೆಯ ಮೇಲೆ ಇಟ್ಟಲ್ಲೇ ಇತ್ತು.