ಬಾರ್ಲಿ ನುಣ್ಣಗಾದ ಶನಿವಾರ

ನನ್ನ ಗಂಡ ಈ ಪರದೇಶದ ಇನ್ನೊಂದು ಊರಾದ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕೆಲಸ ಹಿಡಿದ ಮೇಲೆ ನಮ್ಮದು ವಾರಾಂತ್ಯದ ಸಂಸಾರವಾಯಿತು. ನಾನು ಯೋನ್‌ಶೋಪಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ, ಅರ್ಧಕ್ಕೆ ಬಿಟ್ಟು ಹೋಗುವಂತಿರಲಿಲ್ಲ. ಮೊದಮೊದಲು ಅವನು ಪ್ರತಿ ಶುಕ್ರವಾರ ಸಂಜೆ ರೈಲು ಹತ್ತಿ ಬರುತ್ತಿದ್ದ. ಆಮೇಲೆ ವಾರ ಬಿಟ್ಟು ವಾರ. ಆಮೇಲೆ ಶನಿವಾರ ಬೆಳಿಗ್ಗೆ ಬಂದು ಭಾನುವಾರ ಊಟದ ನಡುವೆಯೇ ಗಡಿಯಾರ ನೋಡತೊಡಗಿದ. ಕೇಳಿದರೆ ರೈಲು ಸರಿಯಿಲ್ಲ ಎನ್ನುತ್ತಿದ್ದ. ಪಾಪ, ರೈಲಿಗೆ ಬಾಯಿಲ್ಲ, ಯಾರು ಏನು ಹೊರಿಸಿದರೂ ಹೊತ್ತುಕೊಳ್ಳುತ್ತದೆ.

ಅವನು ನನ್ನ ಕೈಯಿಂದ ಜಾರುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಹೇಗೆ ಹಿಡಿದಿಟ್ಟುಕೊಳ್ಳುವುದು ಎಂಬುದು ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಲವಲವಿಕೆಯಿಂದ ಮಾಡುತ್ತಿದ್ದ ಕೆಲಸ ಒಂದೇ, ಬಿಯರ್ ಮಾಡುವುದು. ಅದೂ ಡಬ್ಬಿಯ ಬಿಯರ್. ಅಂಗಡಿಯಿಂದ ಮಾಲ್ಟಿನ ಗಟ್ಟಿ ಪಾಕ ತಂದು, ಬಿಸಿನೀರಿಗೆ ಸುರಿದು, ಯೀಸ್ಟ್ ಹಾಕಿ ಮುಚ್ಚಿಟ್ಟರೆ ಮುಗಿಯಿತು. ದಿಢೀರ್ ನೂಡಲ್ಸ್‌ಗಿಂತ ಸ್ವಲ್ಪ ಹೆಚ್ಚಿನ ಅಡುಗೆ, ಅಷ್ಟೇ. ಅದಾದ ಮೇಲೆ ಅವನು ಫೋನ್ ಹಿಡಿದು ಸೋಫಾ ಸೇರುತ್ತಿದ್ದ.

ಆದ್ದರಿಂದ ಈ ಸಲ ಕಾಳಿನಿಂದಲೇ ಮಾಡೋಣ ಎಂದು ನಾನೇ ಹಟ ಹಿಡಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಅದರ ಸಿಹಿರಸ ಇಳಿಸಿ, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ತಣಿಸಿ, ಆಮೇಲೆ ಯೀಸ್ಟ್. ಬೆಳಿಗ್ಗೆ ಹಚ್ಚಿದ ಒಲೆ ಸಂಜೆಗೆ ಆರುವ ಕೆಲಸ. ನಾನು ಬಿಯರ್ ಕುಡಿಯುತ್ತಿದ್ದದ್ದೇ ಅಪರೂಪ. ನನಗೆ ಬೇಕಾಗಿದ್ದದ್ದು ಅವನ ಆ ಇಡೀ ದಿನ. ಅವನಿಗೂ ಉಮೇದು ಬಂತು. ದೊಡ್ಡ ಸ್ಟೀಲ್ ಪಾತ್ರೆ ಕೊಂಡ. ಪಿಕ್ನಿಕ್ಕಿಗೆ ಒಯ್ಯುವ ಐಸ್ ಬಾಕ್ಸಿಗೆ ತೂತು ಕೊರೆದು ನಲ್ಲಿ ಕೂರಿಸಿದ, ತಳದಲ್ಲಿ ಸ್ಟೀಲಿನ ಜಾಲರಿ ಹಾಕಿದ. ತಣ್ಣಗಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ ಎಂದು ನನಗೆ ವಿವರಿಸುವಾಗ ಅವನ ಮುಖ ಮದುವೆಯಾದ ಹೊಸತರಲ್ಲಿ ಇದ್ದಂತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಬಾರ್ಲಿ ತರಿಸುವ ಕೆಲಸ ನನ್ನದು. ಒಡೆದದ್ದು ಬೇಕೋ ಇಡಿಯದು ಬೇಕೋ ಎಂದು ಅಂಗಡಿಯವರು ಕೇಳಿದರು. ಇಡಿಯದೇ ಕೊಡಿ ಎಂದೆ. ನಮ್ಮ ತವರುಮನೆಯಲ್ಲಿ ಹಿಟ್ಟನ್ನು ಕೊಂಡು ತಂದವರೇ ಇಲ್ಲ. ಕಾಳು ತರಬೇಕು, ಆರಿಸಬೇಕು, ಗಿರಣಿಯಲ್ಲಿ ಎದುರಿಗೆ ನಿಂತು ಬೀಸಿಸಬೇಕು. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಜರಡಿ ಹಿಡಿದು ಮಾಲ್ಟ್ ಮಾಡುವುದನ್ನು ನೋಡುತ್ತಲೇ ಬೆಳೆದವಳು ನಾನು. ಬಾರ್ಲಿಯದೇನು ಮಹಾ ಎಂದುಕೊಂಡೆ. ಶುಕ್ರವಾರವೇ ಕೂತು, ಊರಿಂದ ಹೊತ್ತು ತಂದ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಹಿಡಿಹಿಡಿಯಾಗಿ ಹಾಕಿ, ಅಷ್ಟನ್ನೂ ನುಣ್ಣಗೆ ಪುಡಿಮಾಡಿದೆ. ಮಿಕ್ಸಿ ಬಿಸಿಯಾಗಿ ಸುಟ್ಟ ವಾಸನೆ ಬಂದರೂ ಬಿಡಲಿಲ್ಲ.

ಶನಿವಾರ ಅವನು ಬಂದ. ಅವನು ನೀರು ಕಾಯಿಸಿ, ಥರ್ಮಾಮೀಟರ್ ಅದ್ದಿ ಹದ ನೋಡುತ್ತಿರುವಾಗ ನಾನು ಐಸ್ ಬಾಕ್ಸಿಗೆ ಹಿಟ್ಟು ಸುರಿದೆ. ಅವನು ನೀರು ಹೊಯ್ದ, ನಾನು ತಿರುವಿದೆ. ಅಡುಗೆಮನೆ ತುಂಬ ಹಾರ್ಲಿಕ್ಸಿನಂಥ ಘಮ. ಒಂದು ಗಂಟೆ ಮುಚ್ಚಿಟ್ಟು ನಲ್ಲಿ ತಿರುಗಿಸಿದರೆ ರಸ ಧಾರೆಯಾಗಿ ಇಳಿಯಬೇಕು. ಇಳಿಯಲಿಲ್ಲ. ಒಂದು ಹನಿ, ಮತ್ತೊಂದು ಹನಿ, ಆಮೇಲೆ ಅದೂ ಇಲ್ಲ.

ಅವನು ಮುಚ್ಚಳ ತೆಗೆದು ಸೌಟಾಡಿಸಿದ. "ಅಯ್ಯೋ, ಇದೇನೇ ಮಾಡಿದೀಯ? ಪೂರ್ತಿ ಅಂಬಲಿ ಆಗಿದೆಯಲ್ಲೇ!"

"ಮತ್ತೆ? ತರಿತರಿಯಾಗಿ ಇಡ್ಬೇಕಿತ್ತಾ?"

"ಹೊಟ್ಟು ಹಾಗೇ ಉಳೀಬೇಕು ಕಣೇ. ಸುಮ್ನೆ ಕ್ರಶ್ ಮಾಡ್ಬೇಕು ಅಷ್ಟೇ. ಆ ಹೊಟ್ಟೇ ಫಿಲ್ಟರ್!"

"ಜರಡಿ ಬೇರೆ ಹಿಡಿದೆ," ಎಂದೆ. "ಹೊಟ್ಟೆಲ್ಲಾ ಕಸಕ್ಕೆ ಹಾಕ್ದೆ."

ಅವನು ನನ್ನನ್ನೇ ನೋಡಿ ನಗಲು ಶುರುಮಾಡಿದ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಎದ್ದ ನಗು ಅದು. ತಪ್ಪು ಮಾಡಿದ್ದಕ್ಕೆ ನನಗೆ ಹೆಮ್ಮೆಯೇ ಆಯಿತು, ಏಕೆಂದರೆ ಇನ್ನು ಆ ರಸ ಹನಿಹನಿಯಾಗಿ ಇಳಿಯುವವರೆಗೆ ಅವನು ಎಲ್ಲಿಗೂ ಎದ್ದು ಹೋಗುವಂತಿರಲಿಲ್ಲ. ಸ್ವಲ್ಪ ಬಿಸಿನೀರು ಹೊಯ್ದು, ಮೆಲ್ಲಗೆ ಕದಡಿ, ನಲ್ಲಿಯ ಕೆಳಗೆ ಪಾತ್ರೆ ಇಟ್ಟು, ಇಬ್ಬರೂ ನೆಲದ ಮೇಲೆ ಗೋಡೆಗೆ ಒರಗಿ ಕೂತೆವು. ನಾನು ಮೊಸರನ್ನ ಕಲಸಿ ತಂದೆ. ಒಂದೇ ತಟ್ಟೆಯಲ್ಲಿ ತಿಂದೆವು.

ತಟ್ಟೆ ಖಾಲಿಯಾದ ಮೇಲೆ ಅವನು ಹೇಳಿದ. "ನಿಂಗೊಂದು ಮಾತು ಹೇಳ್ಬೇಕು. ಬಂದಾಗೆಲ್ಲ ಹೇಳೋಣ ಅನ್ಕೋತೀನಿ, ಟೈಮೇ ಸಿಗಲ್ಲ."

ನಾನು ತಟ್ಟೆಯನ್ನು ಪಕ್ಕಕ್ಕಿಟ್ಟೆ.

"ನಂಗೆ ಇನ್ನು ಆಗಲ್ಲ ಕಣೇ. ನೀನು ಬೇಜಾರು ಮಾಡ್ಕೋತೀಯ ಅಂತ ಬರ್ತಿದೀನಿ ಅಷ್ಟೇ. ರೈಲು ಹತ್ತೋವಾಗ್ಲೇ ವಾಪಸ್ ಹೋಗೋದು ಯೋಚ್ನೆ ಮಾಡ್ತಿರ್ತೀನಿ."

"ಬೇರೆ ಯಾರಾದ್ರೂ ಇದಾರಾ?"

"ಇಲ್ಲ. ಆಣೆಗೂ ಯಾರೂ ಇಲ್ಲ."

ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಶಾಪ ಹಾಕಲಾದರೂ ಒಬ್ಬಳು ಸಿಗುತ್ತಿದ್ದಳು. ಯಾರೂ ಇಲ್ಲದೆಯೂ ನಾನು ಬೇಡವಾಗಿದ್ದೆ. ಅವನಿಗಾಗಿ ನಾನು ಹೊಂಚಿ ಹೊಂದಿಸಿದ ಇಡೀ ದಿನವನ್ನು ಅವನು ಇದಕ್ಕೆ ಬಳಸಿಕೊಂಡಿದ್ದ. ಎದ್ದು ಆ ಅಂಬಲಿಯನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿದ್ದೂ ನಿಜ.

ಆದರೆ ರಸ ಇಳಿದಿತ್ತು, ಇಳಿದ ರಸವನ್ನು ಕುದಿಸದೆ ಬಿಟ್ಟರೆ ಹುಳಿಯಾಗುತ್ತದೆ. ಅವನು ಎದ್ದು ಒಲೆ ಹಚ್ಚಿದ. ನಾನು ಹಾಪ್ಸ್ ತೂಗಿ ಕೊಟ್ಟೆ. ಹೇಗೆ ಕೊಟ್ಟೆನೋ ನನಗೇ ಗೊತ್ತಿಲ್ಲ. ಕುದಿಯುತ್ತಿರುವಾಗ ಅಮ್ಮನ ವಿಡಿಯೋ ಕಾಲ್ ಬಂತು.

"ಅದೇನೇ ಅಷ್ಟು ದೊಡ್ಡ ಪಾತ್ರೆ? ಮನೆಗೆ ಯಾರಾದ್ರೂ ಬರ್ತಿದಾರಾ?"

"ಇಲ್ಲಮ್ಮ. ಬಾರ್ಲಿ ಗಂಜಿ."

"ಒಳ್ಳೇದು, ಮೈಗೆ ತಂಪು. ಅವರಿಗೂ ಕೊಡು, ಹೋದ್ಸಲ ನೋಡ್ದಾಗ ಸೊರಗಿದ್ರು."

ಅವನು ಹಿಂದಿನಿಂದ ಇಣುಕಿ, "ಚೆನ್ನಾಗಿದೀರಾ ಅತ್ತೆ?" ಎಂದು ನಕ್ಕ. ಅಷ್ಟು ಸಲೀಸಾಗಿ ನಕ್ಕ.

ಕುದಿ ಮುಗಿದ ಮೇಲೆ ಪಾತ್ರೆಯನ್ನು ಬೇಗ ತಣಿಸಬೇಕು. ಬಾಲ್ಕನಿಯಲ್ಲಿ ಹಿಮ ಬಿದ್ದಿತ್ತು. ಒಬ್ಬರೇ ಎತ್ತುವಂತಿರಲಿಲ್ಲ. ಅವನು ಒಂದು ಕಿವಿ ಹಿಡಿದ, ನಾನು ಇನ್ನೊಂದು. ಹೆಜ್ಜೆಗೆ ಹೆಜ್ಜೆ ಕೂಡಿಸಿ, ತುಳುಕದ ಹಾಗೆ, ಹಜಾರ ದಾಟಿ ಹೋದೆವು. ಹೊಸ್ತಿಲಲ್ಲಿ ಅವನು, "ಹುಷಾರು, ಕೈ ಸುಟ್ಕೋತೀಯ," ಎಂದ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಪಾತ್ರೆ ಹಿಡಿದಿದ್ದರಿಂದ ಒರೆಸಿಕೊಳ್ಳಲು ಕೈಯಿರಲಿಲ್ಲ.

ತಣಿದ ಮೇಲೆ ಅವನದು ಮಡಿಯ ಕಾಲ. ಬಕೆಟ್ಟು, ಮುಚ್ಚಳ, ಸೌಟು, ಎಲ್ಲಕ್ಕೂ ಕ್ರಿಮಿನಾಶಕದ ನೀರು. "ಮುಟ್ಬೇಡ, ಮುಟ್ಬೇಡ," ಎಂದ. ನಮ್ಮಜ್ಜಿ ಕೂಡ ಅಷ್ಟು ದೂರ ನಿಲ್ಲಿಸಿದವಳಲ್ಲ. ಯೀಸ್ಟ್ ಹಾಕಿ ಮುಚ್ಚಿ, ಕೋಟು ಹಾಕಿಕೊಂಡ. ಭಾನುವಾರದವರೆಗೆ ಉಳಿಯುವ ಮಾತು ಇಬ್ಬರೂ ಆಡಲಿಲ್ಲ.

"ಬಿಯರ್ ರೆಡಿ ಆದಾಗ ಬರ್ತೀನಿ," ಎಂದ ಬಾಗಿಲಲ್ಲಿ. "ಒಟ್ಟಿಗೆ ಟೇಸ್ಟ್ ನೋಡೋಣ. ಕೂತು ಮಾತಾಡೋಣ."

ಆ ಒಂದು ಮಾತಿಗೆ ಜೋತುಬಿದ್ದೆ. ಬಕೆಟ್ಟಿನ ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ಕೊಳವೆಯಲ್ಲಿ ಗುಳ್ಳೆ ಏಳುವುದನ್ನು ವಿಶ್ವವಿದ್ಯಾಲಯದಿಂದ ಬಂದವಳೇ ನೋಡುತ್ತಿದ್ದೆ. ಗುಳ್ಳೆ ನಿಂತ ಮೇಲೆ ಒಬ್ಬಳೇ ಬಾಟಲಿಗೆ ತುಂಬಿದೆ, ನೊರೆ ಬರಲೆಂದು ಚೂರು ಸಕ್ಕರೆ ಹಾಕಿದೆ, ಮುಚ್ಚಳ ಒತ್ತಿದೆ. ಅವನು ಆಗಾಗ ಫೋನ್ ಮಾಡಿ ಬಿಯರ್ ಹೇಗಿದೆ ಎಂದು ಕೇಳುತ್ತಿದ್ದ. ನಾನು ಹೇಗಿದ್ದೇನೆ ಎಂದು ಒಂದು ದಿನವೂ ಕೇಳಲಿಲ್ಲ. ನಾನು ಬಿಯರಿನ ಯೋಗಕ್ಷೇಮ ಹೇಳುತ್ತಿದ್ದೆ.

ಅವನು ಬರಬೇಕಿದ್ದ ವಾರ ತಡೆಯಲಾರದೆ ಒಂದು ಬಾಟಲಿ ತೆಗೆದೆ. ಸ್ವಲ್ಪ ಮಬ್ಬಾಗಿತ್ತು, ನನ್ನ ಹಿಟ್ಟಿನ ಪ್ರತಾಪ. ಆದರೆ ರುಚಿ ಚೆನ್ನಾಗಿತ್ತು. ಅವನ ಡಬ್ಬಿಯ ಬಿಯರುಗಳು ಇದರ ಹತ್ತಿರವೂ ಸುಳಿಯುವಂತಿರಲಿಲ್ಲ. ಗ್ಲಾಸು ಕೆಳಗಿಡುವ ಮೊದಲೇ ಫೋನ್ ಬಂತು.

"ಹೇಗಾಗಿದೆ?"

ಬಿಯರ್ ಇಲ್ಲದಿದ್ದರೂ ಬರುತ್ತಾನೋ ಇಲ್ಲವೋ, ಒಮ್ಮೆ ನೋಡಿಯೇ ಬಿಡೋಣ ಅನ್ನಿಸಿತು. "ಕೆಟ್ಟೋಯ್ತು ಕಣೋ," ಎಂದೆ. "ಪೂರ್ತಿ ಹುಳಿ. ಎಲ್ಲಾ ಚೆಲ್ಬಿಟ್ಟೆ."

"ಛೇ," ಎಂದ. "ಹಾಗಿದ್ರೆ ಈ ಶನಿವಾರ ಬರೋದು ಬೇಡ, ಅಲ್ವಾ?"

ನಾನು ಬೇಡ ಎಂದೆ. ಅವನು ಹಗುರಾಗಿ ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು.