ಬಾಣಂತಿ ಕೋಣೆಯ ಕೆಂಡ

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ದುಡ್ಡು ಎತ್ತಿಡಬೇಕು ಎಂಬ ಯೋಚನೆ ಬೆಂಗಳೂರಿನವರಿಗೆ ಬರುವುದಿಲ್ಲ. ಡಿಸೆಂಬರ್ ಬಂತೆಂದರೆ ಬೀರುವಿನಿಂದ ಸ್ವೆಟರ್ ತೆಗೆಯುತ್ತೇವೆ, ಫ್ಯಾನ್ ಹಾಕುವುದನ್ನು ಬಿಡುತ್ತೇವೆ, ಅಷ್ಟೇ. ಆದರೆ ಮನೆಯಲ್ಲಿ ಬಾಣಂತಿ ಇದ್ದರೆ ಮಾತು ಬೇರೆ. ಎರಡು ವರ್ಷದ ಹಿಂದೆ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ಚಾಮರಾಜಪೇಟೆಯ ನಮ್ಮ ಮನೆಗೆ ಬಂದಳು. ಹೆಣ್ಣುಮಗು ಹುಟ್ಟಿತು, ಸರಿಯಾಗಿ ಚಳಿ ಬಿಗಿಯಾಗುವ ಹೊತ್ತಿಗೆ.

ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು. ಅಪ್ಪ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದರು. ಅವರು ಹೋದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆ ಮತ್ತು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನನ್ನ ಸಂಬಳ, ಇವೆರಡರಲ್ಲಿ ಸಂಸಾರ. ಬಾಣಂತನಕ್ಕೆ ಯಜಮಾನಿಯಾಗಿ ಬಂದವರು ದೊಡ್ಡಮ್ಮ, ಅಮ್ಮನ ಅಕ್ಕ. ಹನುಮಂತನಗರದಿಂದ ಬೆಳಿಗ್ಗೆ ಆಟೋದಲ್ಲಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವಿಗೂ ತಾಯಿಗೂ ಎಣ್ಣೆ ನೀರು ಹಾಕಿ, ಮಧ್ಯಾಹ್ನ ಊಟ ಮಾಡಿಕೊಂಡು ಹೋಗುತ್ತಿದ್ದರು. ನಮ್ಮ ಬಳಗದ ಎಷ್ಟೋ ಮಕ್ಕಳನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆದ ಕೈ ಅವರದು. ನನಗೂ, ತಂಗಿಗೂ ಅವರೇ ಎರೆದದ್ದು.

ಬಾಣಂತಿಗೆ ಶೀತ ತಾಗಬಾರದು, ಗಾಳಿ ಹೊಡೆಯಬಾರದು. ಇದು ದೊಡ್ಡಮ್ಮನ ಕಾನೂನು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ಚೀಲ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕಿ, ಎರಡು ಕಂಬಳಿ ಹೊದಿಸಿ, ಬೆವರು ಬಿಡುವ ತನಕ ಮಲಗಿಸಬೇಕು. ಅದಕ್ಕೆ ನಾವು ಆರಿಸಿದ್ದು ಒಳಕೋಣೆ. ಹಿಂದೆ ಅದರ ಮೇಲೆ ನಾಡಹೆಂಚು, ಗೋಡೆಯಲ್ಲಿ ಗವಾಕ್ಷಿ ಇದ್ದವು. ಮನೆ ರಿಪೇರಿ ಮಾಡಿಸಿದಾಗ ಹೆಂಚು ತೆಗೆದು ತಾರಸಿ ಹಾಕಿಸಿದೆವು. ಧೂಳು, ಸೊಳ್ಳೆ ಬರದಂತೆ ಗವಾಕ್ಷಿಗೆ ಗಾಜು ಕೂರಿಸಿ, ಒಂದೇ ಒಂದು ಕಿಟಕಿಗೆ ಬಿಗಿಯಾಗಿ ಮುಚ್ಚುವ ಹೊಸ ಬಾಗಿಲು ಹಾಕಿಸಿದೆವು. ಅದರ ಸಂದಿಗೂ ದೊಡ್ಡಮ್ಮ ಹಳೇ ಸೀರೆ ತುರುಕಿದರು.

ಮೊದಲು ತಂಗಿಯ ಗಂಡನೇ ತಂದುಕೊಟ್ಟ ಕರೆಂಟಿನ ರೂಮ್ ಹೀಟರ್ ಇತ್ತು. ಅದು ಉರಿಯುತ್ತಿದ್ದರೆ ಅಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಚಿತ ಕರೆಂಟಿನ ಮಿತಿಯೊಳಗೆ ಇದ್ದರೆ ನಮ್ಮ ಬಿಲ್ಲು ಸೊನ್ನೆ. ಮಿತಿ ದಾಟಿದರೆ ಪೂರ್ತಿ ಕಟ್ಟಬೇಕು. ಬಾಣಂತಿಗೆ, ಮಗುವಿಗೆ, ಬಟ್ಟೆಗೆ ಎಂದು ಗೀಜರ್ ಬೇರೆ ಬೆಳಗಿನಿಂದ ಓಡುತ್ತಿತ್ತು. ಆ ತಿಂಗಳು ಬಿಲ್ಲು ಕೈಗೆ ಬಂದಾಗ ಅಮ್ಮ ಅದನ್ನು ದೇವರ ಮುಂದೆ ಇಟ್ಟು ಬಂದರು.

"ಇದೇನ್ ಕೋಣೆ ಕಾಯ್ಸೋದೋ, ಇಡೀ ಚಾಮರಾಜಪೇಟೆ ಕಾಯ್ಸೋದೋ?" ಎಂದರು.

"ನಿಂದೂ ಒಂದು ಬಾಳು. ನಮ್ಮಮ್ಮ ನಿನ್ ಬಾಣಂತನಾನ ಕರೆಂಟಲ್ಲಿ ಮಾಡಿದ್ಳಾ?" ಎಂದು ದೊಡ್ಡಮ್ಮ ನಕ್ಕರು. "ಅಗ್ಗಿಷ್ಟಿಕೆ ಎಲ್ಲಿಟ್ಟಿದೀಯ, ತೆಗ್ಸು."

ಅಟ್ಟದಿಂದ ಕಬ್ಬಿಣದ ಅಗ್ಗಿಷ್ಟಿಕೆ ಇಳಿಯಿತು. ಇದ್ದಿಲು ಬೀದಿ ಮೂಲೆಯ ಇಸ್ತ್ರಿ ಅಂಗಡಿಯಿಂದ ಬಂತು. ಹಿತ್ತಲಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಅನ್ನುವ ತನಕ ಕಾದು, ಆಮೇಲಷ್ಟೇ ಕೋಣೆಗೆ ತರುತ್ತಿದ್ದರು. ಹೊಗೆ ಮಗುವಿಗೆ ಆಗದು ಎಂಬ ಎಚ್ಚರ ಎಲ್ಲರಿಗೂ ಇತ್ತು. ಮೊದಲು ಕೆಲವು ದಿನ ಅದು ಸಾಂಬ್ರಾಣಿಗೆ ಮಾತ್ರ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಹೀಟರ್ ಆರಿಸಿದ ಮೇಲೆ ಅಲ್ಲೇ ಉಳಿಯತೊಡಗಿತು. ಒಂದು ಬೆಳಿಗ್ಗೆ ಮಂಜು ಸುರಿದು, ಚಳಿ ಜಾಸ್ತಿಯಾಗಿ, ದೊಡ್ಡಮ್ಮ ಅದಕ್ಕೆ ಬಾಯಿತುಂಬ ಇದ್ದಿಲು ಸುರಿದರು. ತಂಗಿಗೆ ಕಂಬಳಿ ಹೊದಿಸಿ, ಮಗುವನ್ನು ಪಕ್ಕದಲ್ಲಿ ಮಲಗಿಸಿ, ಬಾಗಿಲೆಳೆದುಕೊಂಡು ಬಂದರು.

ನನಗೆ ಅಂದು ರಜೆ. ನಡುಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ದೊಡ್ಡಮ್ಮ ಎದುರಿಗೆ ಕೂತು ಬಾಣಂತಿ ಸಾರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಮೆಣಸು ಹುರಿಯುತ್ತಿದ್ದರು. ಸ್ನಾನವಾಗಿ ಸ್ವಲ್ಪ ಹೊತ್ತಿಗೆ ಹಾಲಿಗಾಗಿ ಅಳುವ ಮಗು ಅಂದು ಅಳಲಿಲ್ಲ.

"ನೋಡ್ದ್ಯಾ, ಕೋಣೆ ಬೆಚ್ಚಗಿದ್ರೆ ಮಗು ಹೇಗೆ ನಿದ್ದೆ ಮಾಡುತ್ತೆ," ಎಂದರು ದೊಡ್ಡಮ್ಮ. "ನಿಮ್ ಹೀಟರ್‌ಗೆ ಒಂದಿನ ಹಿಂಗೆ ಮಲಗಿತ್ತಾ?"

"ಇಲ್ಲ ಅಕ್ಕಯ್ಯ, ನಿನ್ ಕೈಗುಣ," ಎಂದು ಅಮ್ಮ ಒಳಗಿನಿಂದ ಒಪ್ಪಿಕೊಂಡರು.

ನಾನೂ ಒಪ್ಪಿದೆ. ಎಣ್ಣೆ ನೀರು ಹಾಕಿದರೆ ಜೋಂಪು ಹತ್ತಿ ನಿದ್ದೆ ಬರುವುದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ಆ ಕೋಣೆಯಲ್ಲಿ ಏನೇ ಆಗಿದ್ದರೂ ಅದು ನಮಗೆ ಒಳ್ಳೆಯ ನಿದ್ದೆಯಾಗಿಯೇ ಕಾಣುತ್ತಿತ್ತು.

ಫೋನಿನ ಚಾರ್ಜರ್ ಆ ಕೋಣೆಯಲ್ಲಿತ್ತು. ಅದನ್ನು ತರಲು ಹೋದೆ. ಬಾಗಿಲು ತೆರೆದರೆ ಹೊಗೆ ಇಲ್ಲ, ವಾಸನೆ ಇಲ್ಲ; ಬರೀ ಹಿತವಾದ ಬಿಸಿ. ತಂಗಿ ಕಣ್ಣು ಅರೆತೆರೆದಿದ್ದಳು. ಬಾಯ ಪಕ್ಕ, ದಿಂಬಿನ ಮೇಲೆ ವಾಂತಿಯಾಗಿತ್ತು.

"ಏನಾಯ್ತೇ?"

"ತಲೆ..." ಎಂದಳು. ನಾಲಿಗೆ ದಪ್ಪಗಾದವಳಂತೆ ಆ ಒಂದು ಮಾತು ತುಂಬ ಹೊತ್ತು ತೆಗೆದುಕೊಂಡಿತು. ಏಳಲು ಹೋಗಿ ಮೊಣಕಾಲು ಮಡಿಚಿ, ಮಂಚದ ಪಕ್ಕಕ್ಕೆ ಜಾರಿ ಕುಸಿದಳು. ನಾನು ಮಗುವನ್ನು ಎತ್ತಿದೆ. ಎತ್ತಿದರೆ ಮಕ್ಕಳು ಕೈಕಾಲು ಎಳೆದುಕೊಳ್ಳುತ್ತವೆ, ಮುಖ ಕಿವುಚುತ್ತವೆ. ಇದು ಒದ್ದೆ ಬಟ್ಟೆಯಂತೆ ನನ್ನ ತೋಳಿನಿಂದ ಎರಡೂ ಕಡೆ ಇಳಿಬಿತ್ತು. ಇಬ್ಬರಿಗೂ ಒಟ್ಟಿಗೆ ಹೀಗೆ ಎಂದರೆ ಕೋಣೆಯ ಗಾಳಿಯೇ ಕೆಟ್ಟಿದೆ ಎನ್ನಿಸಿತು.

ಈಗಲೂ ನನ್ನ ತಲೆಯಲ್ಲಿ ತಿರುಗುವುದು ಇಲ್ಲಿಂದ ಮುಂದಿನದು. ಮಗುವನ್ನು ಎದೆಗೊತ್ತಿಕೊಂಡು ಅಂಗಳದ ಬಿಸಿಲಿಗೆ ಓಡಿದೆ. ಹಿಂದಿನಿಂದ ದೊಡ್ಡಮ್ಮ ಕೂಗುತ್ತಿದ್ದಾರೆ, "ಗಾಳಿಗೆ ತರ್ಬೇಡ್ವೇ! ತಲೆಗೆ ಟೋಪಿ ಇಲ್ಲ, ಏನ್ ಬುದ್ಧಿ ಇದು!" ತಿರುಗಿ ನೋಡಿದರೆ ಅವರು ಒಳಕೋಣೆಯ ಬಾಗಿಲನ್ನು ಮತ್ತೆ ಎಳೆದು ಮುಚ್ಚಿ, ಟೋಪಿ ಹಿಡಿದುಕೊಂಡು ನನ್ನ ಹಿಂದೆ ಬರುತ್ತಿದ್ದಾರೆ. ಬಾಣಂತಿಗೆ ಗಾಳಿ ಹೊಡೆಯಬಾರದಲ್ಲ, ಅದಕ್ಕೆ. ತಂಗಿ ಮಂಚದ ಆ ಮಗ್ಗುಲಿಗೆ ಬಿದ್ದದ್ದು ಅವರಿಗೆ ಕಂಡಿರಲಿಲ್ಲ. ನನ್ನ ಕೈಯಲ್ಲಿ ಮಗು, ಮುಚ್ಚಿದ ಬಾಗಿಲಿನ ಆಚೆ ತಂಗಿ.

"ಅಮ್ಮಾ, ಮಗು ಹಿಡ್ಕೋ!" ಎಂದು ಕಿರುಚಿದೆ. ಅಮ್ಮ ಸೌಟು ಕೈಯಲ್ಲೇ ಹಿಡಿದು ಬಂದರು. ಮಗುವನ್ನು ಅವರ ಸೆರಗಿಗೆ ಹಾಕಿ ಒಳಗೆ ಓಡಿದೆ.

"ಬಾಗ್ಲು ತೆಗೀಬೇಡ ಅಂದೆ!" ಎಂದು ದೊಡ್ಡಮ್ಮ ನನ್ನ ಮೊಣಕೈ ಹಿಡಿದರು.

"ಬಿಡಿ ದೊಡ್ಡಮ್ಮ, ಸಾಯ್ತಾಳೆ ಅವ್ಳು!"

ಅವರು ಕೈಬಿಟ್ಟರು. ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿದೆ. ತಂಗಿಯ ಕಂಕುಳಿಗೆ ಕೈಹಾಕಿ ಎಳೆದರೆ ಅವಳು ಜಾರುತ್ತಾಳೆ, ಮೈತುಂಬ ಬೆವರು, ಎಣ್ಣೆಯ ಜಿಡ್ಡು. ಕೊನೆಗೆ ಕೆಳಗಿದ್ದ ಕಂಬಳಿಯ ಮೇಲೆ ಹೊರಳಿಸಿದೆ. ಅದರ ಒಂದು ಚುಂಗನ್ನು ಹಿಡಿದು ಎಳೆದವರು ದೊಡ್ಡಮ್ಮನೇ. ಇಬ್ಬರೂ ಸೇರಿ ಅವಳನ್ನು ನಡುಮನೆ ದಾಟಿಸಿ ಜಗಲಿಗೆ ತಂದೆವು. ಸದ್ದು ಕೇಳಿ ಪಕ್ಕದ ಮನೆಯವರು ಓಡಿ ಬಂದು, ಒಂದೂ ಮಾತು ಕೇಳದೆ ಕಾರು ತೆಗೆದರು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರ್ ಹೊರಗೆ ಬಂದು, "ರೂಮಲ್ಲಿ ಏನು ಉರಿಸಿದ್ರಿ?" ಎಂದು ಕೇಳಿದರು.

"ಏನೂ ಉರಿಸಿಲ್ಲ ಡಾಕ್ಟ್ರೇ," ಎಂದರು ಅಮ್ಮ. "ಬರೀ ಕೆಂಡ. ಚೂರೂ ಹೊಗೆ ಇರ್ಲಿಲ್ಲ."

"ಹೊಗೆ ಇದ್ದಿದ್ರೆ ನೀವೇ ಕೆಮ್ಮಿ ಬಾಗಿಲು ತೆಗೀತಿದ್ರಿ ಅಮ್ಮ. ಕೆಂಡ ಬಿಡೋ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೇಲಿ ಕೆಂಡ ಇಡೋದು ಅಂದ್ರೆ ವಿಷ ಇಟ್ಟಂಗೆ. ಇನ್ನು ಸ್ವಲ್ಪ ತಡ ಆಗಿದ್ರೆ..." ಎಂದು ಅವರು ಮತ್ತೆ ಒಳಗೆ ನಡೆದರು. ಸಂಜೆಯ ಹೊತ್ತಿಗೆ ಮಗು ಅತ್ತಿತು. ಆಸ್ಪತ್ರೆಯ ಆ ಸಾಲಿಗೆಲ್ಲ ಕೇಳುವಂತೆ ಅತ್ತಿತು. ಅಮ್ಮ ಗೋಡೆಗೊರಗಿ ಕೂತುಬಿಟ್ಟರು.

ಮನೆಗೆ ಬಂದ ಮೇಲೂ ಚಳಿಗಾಲ ಇನ್ನೂ ಅರ್ಧ ಉಳಿದಿತ್ತು. ಬಾಣಂತಿಗೆ ಬೆಚ್ಚಗಂತೂ ಇರಲೇಬೇಕು. ಮಂಚವನ್ನು ಬಿಸಿಲು ಬೀಳುವ ಮುಂದಿನ ಕೋಣೆಗೆ ಸಾಗಿಸಿದೆವು. ಸ್ನಾನಕ್ಕೆ ಮೊದಲು ಸ್ವಲ್ಪ ಹೊತ್ತು ಹೀಟರ್ ಹಾಕಿ, ಕೋಣೆ ಬಿಸಿಯಾದ ಮೇಲೆ ಆರಿಸುವುದು. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯಲ್ಲಿಟ್ಟು, ತಾಯಿಮಗು ಮಲಗುವ ಮುಂಚೆ ತೆಗೆಯುವುದು. ಕಿಟಕಿ ಬೆರಳಗಲ ತೆರೆದೇ ಇರಬೇಕು. ಗೀಜರನ್ನು ಮೂರು ಹೊತ್ತಿನ ಬದಲು ಒಂದೇ ಹೊತ್ತಿಗೆ ಹಾಕಿ, ಎಲ್ಲರ ಸ್ನಾನವನ್ನೂ ಬಟ್ಟೆಯನ್ನೂ ಒಟ್ಟಿಗೆ ಮುಗಿಸಿದೆವು. ಖರ್ಚು ಅಷ್ಟೇನೂ ಏರಲಿಲ್ಲ. ಇದನ್ನೆಲ್ಲ ಮೊದಲೇ ಮಾಡಬಹುದಿತ್ತು.

ದೊಡ್ಡಮ್ಮ ಕೆಲವು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ಅಮ್ಮನೇ ಹನುಮಂತನಗರಕ್ಕೆ ಹೋಗಿ ಕರೆತಂದರು. ಬಂದವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು.

"ನಾನ್ ಮುಟ್ಟಲ್ಲ ಮಗೂನ," ಎಂದರು. "ಹೆಂಚಿನ ಮನೇಲಿ ಬೆಳ್ದೋರು ನಾವು. ಸೂರಿನ ತುಂಬ ಸಂದಿ. ಗಾಳಿ ಅಲ್ಲಿಂದ ಆಡ್ತಿತ್ತು ಅಂತ ಯಾರಿಗ್ ಗೊತ್ತಿತ್ತೇ? ಚಳಿ ಅಂತ ಬೈಕೊಂಡು ಅದಕ್ಕೇ ಬಟ್ಟೆ ತುರುಕ್ತಿದ್ವಿ."

"ಬನ್ನಿ ದೊಡ್ಡಮ್ಮ," ಎಂದಳು ತಂಗಿ ಮಂಚದಿಂದ. "ಅಮ್ಮ ನೀರೆರೆದ್ರೆ ಮಗು ಕಣ್ಣಿಗೆಲ್ಲ ಸೀಗೆಪುಡಿ ಹೋಗುತ್ತೆ."

ದೊಡ್ಡಮ್ಮ ಸೆರಗು ಸಿಕ್ಕಿಸಿದರು.

ಮಗುವಿಗೆ ಈಗ ಎರಡು ವರ್ಷ. ಮೈಸೂರಿನಲ್ಲಿ, ತನ್ನ ಅಪ್ಪ ಅಮ್ಮನ ಜೊತೆ ಇದ್ದಾಳೆ. ಡಾಕ್ಟರು ಪ್ರತಿ ಸಲ ನೋಡಿ ಎಲ್ಲ ಸರಿಯಾಗಿದೆ ಎನ್ನುತ್ತಾರೆ. ಈ ಸಂಕ್ರಾಂತಿಗೆ ಬಂದಾಗ ಮಧ್ಯಾಹ್ನ ನಡುಮನೆಯಲ್ಲಿ ಚಾಪೆಯ ಮೇಲೆ ನಿದ್ದೆ ಹೋದಳು. ಕಿಟಕಿ, ಬಾಗಿಲು ಎಲ್ಲ ತೆರೆದಿದ್ದವು. ಬಗ್ಗಿ ಮೂಗಿನ ಹತ್ತಿರ ಕೈಯಿಟ್ಟೆ. ಉಸಿರು ತಾಗಿತು. ಅಷ್ಟು ಸಾಲದೆ ಹೆಗಲು ಮುಟ್ಟಿದೆ.

"ಅಕ್ಕಾ, ಎಬ್ಬಿಸಿದ್ರೆ ನೀನೇ ಮಲಗಿಸ್ಬೇಕು ನೋಡು," ಎಂದಳು ತಂಗಿ.

ಗೊತ್ತಿತ್ತು. ಆದರೂ ಹೆಗಲು ಅಲುಗಿಸಿದೆ. ಅವಳು ಕಣ್ಣುಬಿಟ್ಟು, ನನ್ನನ್ನು ಕಂಡು, ಸಿಟ್ಟಿನಿಂದ ಕಾಲು ಝಾಡಿಸಿ ಕಿರುಚತೊಡಗಿದಳು.