ತಟ್ಟೆ ಅದಲುಬದಲು

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿ ಮಾಡುವವನಿಗೆ ಜನ ಮುಳ್ಳಣ್ಣ ಎಂದು ಅಡ್ಡಹೆಸರಿಟ್ಟಿದ್ದರು. ತಕ್ಕಡಿಯ ಮುಳ್ಳಿನ ಹಾಗೆ ಆಸಾಮಿಯೂ ನೆಟ್ಟಗೆ, ಮಾತೂ ನೆಟ್ಟಗೆ. ಚುಚ್ಚಿದರೆ ಚುಚ್ಚಲಿ ಬಿಡಿ! ಖಾಲಿ ತಟ್ಟೆಗಳು ಸಮ ನಿಂತ ಮಾತ್ರಕ್ಕೆ ಅವನು ಯಾವ ತಕ್ಕಡಿಯನ್ನೂ ನಂಬಿದವನಲ್ಲ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಸಾಮಾನು ಇಟ್ಟು ತೂಗಿ, ಆಮೇಲೆ ಎರಡನ್ನೂ ಅದಲುಬದಲು ಮಾಡುತ್ತಿದ್ದ. ಕಳ್ಳ ತಕ್ಕಡಿಯ ಬಣ್ಣ ಆಗ ಬಯಲಾಗುತ್ತಿತ್ತು.

ಅವನ ಒಬ್ಬಳೇ ಮಗಳು ದೊಡ್ಡ ತಟ್ಟೆಯಲ್ಲಿ ಕಾಲು ಮಡಚಿ ಕೂತು, “ಅಪ್ಪಾ, ನಾನೆಷ್ಟು?” ಎನ್ನುತ್ತಿದ್ದಳು.

“ನಿನ್ನ ತೂಗೋ ಕಲ್ಲು ಇನ್ನೂ ಯಾರೂ ಮಾಡಿಲ್ಲ ಕಣಮ್ಮಾ.”

ಆ ಮಗಳು ಜ್ವರದಲ್ಲಿ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದಲ್ಲಿ ಅದೇ ಜ್ವರಕ್ಕೆ ಮಲಗಿದ್ದ ದಿನಸಿ ಸಾಹುಕಾರನ ಮಗ ಎದ್ದು ಮನೆಗೆ ನಡೆದ. ಆ ಹುಡುಗ ಬದುಕಿದ್ದು ತಪ್ಪೆಂದು ಯಾರಾದರೂ ಅನ್ನುತ್ತಾರೆಯೇ? ಆದರೆ ಅವನಪ್ಪ ಎಂಥವನು! ಬಡವರ ಚೀಲಕ್ಕೆ ಕನ್ನ ಹಾಕಿ ಕೊಬ್ಬಿದವನು, ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುವವನು. ಮಣ್ಣು ಮಾಡುವಾಗ ಪಾದ್ರಿಗಳು “ದೇವರ ಚಿತ್ತ” ಎಂದರು. ಮುಳ್ಳಣ್ಣನ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಅವನು ಚರ್ಚಿನ ಕಡೆ ತಲೆ ಹಾಕಲಿಲ್ಲ.

ತೂಕ ತನ್ನ ಕಡೆಗೆ ವಾಲುವಂತೆ ಅಂಗಡಿಯ ತಕ್ಕಡಿ ದಂಡದ ನಡುವಿನ ತೂತನ್ನು ಕೂದಲೆಳೆಯಷ್ಟು ಸರಿಸಿಕೊಡು ಎಂದು ಸಾಹುಕಾರ ಮೊದಲಿನಿಂದಲೂ ದುಂಬಾಲು ಬಿದ್ದಿದ್ದ. ಪ್ರತಿಸಲವೂ ಉಗಿಸಿಕೊಂಡು ಹೋಗುತ್ತಿದ್ದ. ಈ ಸಲ ಬಂದು ಕೇಳಿದಾಗ ಮುಳ್ಳಣ್ಣ, “ಇಟ್ಟು ಹೋಗಿ” ಎಂದುಬಿಟ್ಟ. ಸಾಹುಕಾರನೇ ಒಂದು ಗಳಿಗೆ ಕಕ್ಕಾಬಿಕ್ಕಿಯಾದ.

ಅರ ಉಜ್ಜುವ ಸದ್ದಿಗೆ ಹೆಂಡತಿ ಒಳಗಿನಿಂದ ಬಂದಳು. ಗಂಡನ ಕೈಯಲ್ಲಿ ಯಾರ ತಕ್ಕಡಿ ಇದೆ, ಏನು ನಡೆಯುತ್ತಿದೆ ಎಂಬುದು ಅವಳಿಗೆ ನೋಡಿದ ಕೂಡಲೇ ತಿಳಿಯಿತು.

“ಏನ್ರೀ ಇದು?”

“ದೇವರೇ ಕಳ್ಳತೂಕ ಹಾಕ್ತಾನೆ. ಇನ್ನು ನಂದೇನು ಮಹಾ?”

“ಕೋಪ ಇದ್ರೆ ಆತನನ್ನೇ ಬೈಯಿರಿ. ನಾನು ದಿನಾ ಒಲೆ ಮುಂದೆ ಕೂತು ಬೈತೀನಿ. ಆದ್ರೆ ಈ ತಕ್ಕಡಿಯಿಂದ ಮೋಸ ಹೋಗೋದು ದೇವರಲ್ಲ ಕಣ್ರೀ, ನಮ್ಮಂಥೋರ ಮಕ್ಕಳು.”

ಅವನು ಅರ ನಿಲ್ಲಿಸಲಿಲ್ಲ.

“ಊರವರ ತಕ್ಕಡೀನೆಲ್ಲ ಅದಲುಬದಲು ಮಾಡಿ ನೋಡ್ತೀರಲ್ಲ, ದೇವರದ್ದನ್ನ ನೋಡಿದ್ರಾ? ಆತ ತನ್ನ ತಟ್ಟೆ ಬಿಟ್ಟು ನಮ್ಮ ತಟ್ಟೇಲಿ ಬಂದು ಕೂತಿದ್ದ. ‘ಯಾಕಪ್ಪಾ ಕೈಬಿಟ್ಟೆ’ ಅಂತ ಆತನ ಸ್ವಂತ ಮಗ ಶಿಲುಬೆ ಮೇಲೆ ಕೂಗಿಕೊಂಡ. ಆ ಮಗನಿಗೂ ನೋವಿನ ತೂಕ ಕಮ್ಮಿ ಮಾಡಲಿಲ್ಲ.”

“ಆತನ ಮಗ ಮೂರನೇ ದಿನ ಎದ್ದು ಬಂದ ಕಣೇ!” ಮುಳ್ಳಣ್ಣ ಕಿರುಚಿದ. “ನಮ್ಮವಳು ಎಲ್ಲಿ? ಹೇಳು, ಎಲ್ಲಿ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೆಳಗೆ ಕೂತಳು. ಅಳುತ್ತಲೇ ಮಾತಾಡಿದಳು.

“ಅವಳೂ ಬರ್ತಾಳೆ ಅಂತಾನೇ ಜೀವ ಹಿಡ್ಕೊಂಡಿದೀನಿ. ಆ ದಿನ ಆತನನ್ನ ನಿಲ್ಲಿಸಿ ಕೇಳ್ತೀನಿ, ಬಿಡಲ್ಲ. ಅಲ್ಲೀವರೆಗೆ ನೀವು ಕೈ ಹೊಲಸು ಮಾಡ್ಕೋಬೇಡಿ. ಅವಳು ಬಂದಾಗ ಎತ್ತಿಕೊಳ್ಳೋ ಕೈ ಅದು.”

ಅರದ ಸದ್ದು ನಿಂತಿತು. ಮುಳ್ಳಣ್ಣ ಸುತ್ತಿಗೆ ತೆಗೆದು, ಆ ದಂಡ ಇನ್ನು ಯಾರ ಕೆಲಸಕ್ಕೂ ಬಾರದಂತೆ ಬಡಿದು ಸೊಟ್ಟ ಮಾಡಿದ. ಹೊಸದೊಂದನ್ನು ಮಾಡಿಕೊಡುತ್ತೇನೆ, ನೆಟ್ಟಗಿನದು, ಬೇಕಾದರೆ ತೆಗೆದುಕೊಳ್ಳಲಿ ಎಂದು ಸಾಹುಕಾರನಿಗೆ ಹೇಳಿಕಳಿಸಿದ.

ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದ. ಉಗುರಿನ ಸಂದಿಯಲ್ಲಿ ಕಬ್ಬಿಣದ ಪುಡಿ ಇನ್ನೂ ಉಳಿದಿತ್ತು. ಮತ್ತೆ ತೊಳೆದ. ತೊಳೆಯುತ್ತ ತೊಳೆಯುತ್ತ, ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಮನುಷ್ಯ ಬಿಕ್ಕಿಬಿಕ್ಕಿ ಅತ್ತ.